ಓಲ್ಮೆಸಾರ್ಟನ್ 20: ಎರಡೂವರೆ ವರ್ಷ ಚೆನ್ನಾಗಿತ್ತು, ಆಮೇಲೆ ಹೊಟ್ಟೆ ಕೆಟ್ಟಿತು

ಬಿಪಿ ಇಳಿಸುವುದಕ್ಕೆ ಐದರಲ್ಲಿ ನಾಲ್ಕೂವರೆ ಸ್ಟಾರ್. ಹೊಟ್ಟೆಗೆ ಒಂದು, ಅದೂ ದಾಕ್ಷಿಣ್ಯಕ್ಕೆ.

ನಾನು ಕೊಪ್ಪಳದವನು, ಬಸ್ ಕಂಡಕ್ಟರ್. ಗಂಗಾವತಿ, ಕಾರಟಗಿ, ಸಿಂಧನೂರು ಮೇಲೆ ರಾಯಚೂರಿಗೆ ನನ್ನ ರೂಟ್. 2020ರ ಆಗಸ್ಟಿನಲ್ಲಿ ಬಿಪಿ 160/100 ಬಂತು. ಬೆಳಿಗ್ಗೆ ಒಂದು ಓಲ್ಮೆಸಾರ್ಟನ್ ಮಾತ್ರೆ ಅಂತ ಬರೆದುಕೊಟ್ಟರು. ಊಟಕ್ಕೆ ಮೊದಲಾ, ಆಮೇಲಾ ಅನ್ನೋ ರಗಳೆ ಇಲ್ಲ. ನಸುಕಿನ ಡ್ಯೂಟಿಯವರಿಗೆ ಇದು ದೊಡ್ಡ ಅನುಕೂಲ. ಒಂದೂವರೆ ತಿಂಗಳಲ್ಲಿ 130/80ಕ್ಕೆ ಬಂದು ನಿಂತಿತು. ಕೆಮ್ಮಿಲ್ಲ, ಕಾಲು ಬಾವಿಲ್ಲ. ಮಾತ್ರೆ ತಗೊಳ್ತಿದ್ದೀನಿ ಅನ್ನೋದೇ ಮರೆತಿತ್ತು.

2023ರ ಜನವರಿಯಲ್ಲಿ ಗವಿಮಠದ ಜಾತ್ರೆ. ದಾಸೋಹದಲ್ಲಿ ಕೂತು ರೊಟ್ಟಿ, ಮಾದಲಿ, ಮಿರ್ಚಿ ಹೊಡೆದೆ. ಅದಾದ ವಾರಕ್ಕೆ ಭೇದಿ ಶುರು. ಮಿರ್ಚಿ ಜಾಸ್ತಿ ಆಯ್ತು ಅಂತ ಮನೆಯವರೆಲ್ಲ ತೀರ್ಪು ಕೊಟ್ಟರು. ನಾನೂ ಒಪ್ಪಿದೆ. ಆದರೆ ಮಿರ್ಚಿಯ ಭೇದಿ ಎರಡು ದಿನದ್ದು, ಇದು ಮೂರು ತಿಂಗಳಾದರೂ ನಿಲ್ಲಲಿಲ್ಲ. ದಿನಕ್ಕೆ ಆರೇಳು ಸಲ, ಬರೀ ನೀರು. 74 ಕಿಲೋ ಇದ್ದವನು 63ಕ್ಕೆ ಬಂದೆ. ಪ್ಯಾಂಟಿನ ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಮಾಡಿಕೊಂಡೆ.

ಒಂದು ದಿನ ಕಾರಟಗಿ ದಾಟಿದ ಮೇಲೆ ತಡೆಯಲಿಕ್ಕೇ ಆಗಲಿಲ್ಲ. ಟಿಕೆಟ್ ಮಷಿನ್ ಮುಂದಿನ ಸೀಟಿನ ಅಜ್ಜಿಯ ಕೈಗೆ ಕೊಟ್ಟು, ನೀರಿನ ಬಾಟಲಿ ಹಿಡಿದು ಭತ್ತದ ಗದ್ದೆ ಕಡೆ ಓಡಿದೆ. ಬಸ್ಸಿನ ತುಂಬ ಜನ. ವಾಪಸ್ ಬಂದಾಗ ಡ್ರೈವರ್ ಒಂದೇ ಮಾತು ಹೇಳಿದ: "ಅಣ್ಣಾ, ಇನ್ನ ನೀ ರಜಾ ಹಾಕು."

ಏಪ್ರಿಲ್ ಬಿಸಿಲಲ್ಲಿ ಸಿಂಧನೂರು ಬಸ್ ಸ್ಟ್ಯಾಂಡಿನಲ್ಲಿ ತಲೆ ತಿರುಗಿ ಕೂತೆ. ಬಿಪಿ 90/60. ಮೈಯಲ್ಲಿ ನೀರೇ ಇಲ್ಲ, ಮೇಲೆ ಬಿಪಿ ಮಾತ್ರೆ ಬೇರೆ. ಕಿಡ್ನಿ ಹೇಗಿದೆ ಅಂತ ರಕ್ತದಲ್ಲಿ ನೋಡುವ ಕ್ರಿಯಾಟಿನಿನ್ ಕೂಡ ಏರಿತ್ತು.

ಅಲ್ಲಿಯವರೆಗೆ ತೋರಿಸಿದ ಎರಡು ಕಡೆ ಹೊಟ್ಟೆಯ ಮಾತ್ರೆ, ಓಆರ್‌ಎಸ್ ಕೊಟ್ಟರೇ ಹೊರತು ಬೇರೆ ಏನು ಮಾತ್ರೆ ತಗೋತೀರಿ ಅಂತ ಕೇಳಲಿಲ್ಲ. ನಾನೂ ಹೇಳಲಿಲ್ಲ. ಎರಡೂವರೆ ವರ್ಷದಿಂದ ನುಂಗುತ್ತಿರೋದು ಈಗ ಯಾಕೆ ತೊಂದರೆ ಕೊಡುತ್ತೆ ಅಲ್ವಾ? ಇನ್ನೊಬ್ಬರು ಗೋಧಿ ಆಗಿಬರಲ್ಲ, ಬಿಡಿ ಅಂದರು. ದಿನಾ ಜೋಳದ ರೊಟ್ಟಿ ತಿನ್ನೋನಿಗೆ! ಸುಮ್ನೆ ಚಪಾತಿಯನ್ನೂ ಬಿಟ್ಟೆ. ಏನೂ ಆಗಲಿಲ್ಲ.

ಕೊನೆಗೆ ಬಳ್ಳಾರಿಯಲ್ಲಿ ಹೊಟ್ಟೆಯ ಡಾಕ್ಟರ್ ಬಾಯಿಂದ ಪೈಪ್ ಇಳಿಸಿ, ಸಣ್ಣಕರುಳಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಆಹಾರ ಹೀರಿಕೊಳ್ಳುವ ಸಣ್ಣ ಎಳೆಗಳು ಸವೆದು ಚಪ್ಪಟೆಯಾಗಿದ್ದವು. ಗೋಧಿ ಆಗಿಬರದ ಕಾಯಿಲೆಯ (ಸೀಲಿಯಾಕ್) ರಕ್ತ ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಮಧ್ಯೆ ಯಾವಾಗಾದರೂ ಕಡಿಮೆ ಆಗಿತ್ತಾ ಅಂತ ಕೇಳಿದರು. ಆಗ ನೆನಪಾಯ್ತು: ಮಾರ್ಚಿನಲ್ಲಿ ಹೆಂಡತಿಯ ತವರಲ್ಲಿ ಹತ್ತು ದಿನ ಇದ್ದಾಗ ಅರ್ಧಕ್ಕರ್ಧ ಇಳಿದಿತ್ತು. ಅತ್ತೆಯವರ ಮಜ್ಜಿಗೆ ಅನ್ನದ ಮಹಿಮೆ ಅಂದುಕೊಂಡಿದ್ದೆ. ಹಂಗಲ್ಲ, ಮಾತ್ರೆಯ ಸ್ಟ್ರಿಪ್ ಮನೆಯಲ್ಲೇ ಮರೆತು ಹೋಗಿದ್ದೆ!

ಈ ಮಾತ್ರೆಯಿಂದ ಅಪರೂಪಕ್ಕೆ ಹೀಗಾಗುತ್ತೆ, ಶುರುಮಾಡಿ ತಿಂಗಳು ವರ್ಷ ಕಳೆದ ಮೇಲೂ ಆಗಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲೇ ಎಚ್ಚರಿಸಿದೆ. ನನ್ನ ಜೊತೆಯ ಮೂರು ಜನ ಇದನ್ನೇ ತಗೊಂಡು ಆರಾಮಾಗಿದ್ದಾರೆ. ಅದಕ್ಕೆ ಇದನ್ನು ಓದಿ ನಾಳೆಯೇ ಮಾತ್ರೆ ಬಿಸಾಕಬೇಡಿ. ತವರಿಂದ ವಾಪಸ್ ಬಂದ ದಿನ ನನ್ನ ಬಿಪಿ 170 ಇತ್ತು. ವಾರಗಟ್ಟಲೆ ಭೇದಿ ನಿಲ್ಲದಿದ್ದರೆ ಸ್ಟ್ರಿಪ್ ತಗೊಂಡು ಹೋಗಿ ಡಾಕ್ಟರ್ ಮುಂದೆ ಇಡಿ.

ಓಲ್ಮೆಸಾರ್ಟನ್ ಬಿಡಿಸಿ ಬೇರೆ ಬಿಪಿ ಮಾತ್ರೆ ಆಮ್ಲೊಡಿಪಿನ್ 5 ಕೊಟ್ಟರು. ಮೂರು ವಾರದಲ್ಲಿ ಭೇದಿ ನಿಂತಿತು, ತೂಕ ಬರಲು ಆರು ತಿಂಗಳು ಹಿಡಿಯಿತು. ಇದರದ್ದೂ ಒಂದು ಕಿರಿಕಿರಿ ಇದೆ. ಸಂಜೆಗೆ ಪಾದ ಬಾತು ಚಪ್ಪಲಿ ಬಿಗಿಯಾಗುತ್ತೆ.

ಮುಂದಿನ ಜಾತ್ರೆಯಲ್ಲಿ ಹೆಂಡತಿ ಕಣ್ಣು ಬಿಡುತ್ತಿದ್ದರೂ ಮೂರು ಮಿರ್ಚಿ ತಿಂದೆ. ಮರುದಿನ ಐದೂವರೆಗೆ ಡ್ಯೂಟಿಗೆ ಹೋದೆ.