ಇಬ್ಬರಿಗೂ ಒಂದೇ ಬಲಗೈಯೆ? ಇಂದಿರಾನಗರದ ಒಂದು ಫಂಕ್ ಗಿಟಾರ್ ತರಗತಿ

‘ಇಬ್ಬರು ದಿಗ್ಗಜರು, ಒಂದೇ ಬಲಗೈ’ ಎಂಬ ಸಾಲಿದ್ದ ಕರಪತ್ರವನ್ನು ನೋಡಿ ನಾನು ಇಂದಿರಾನಗರದ ಸಂಗೀತ ಶಾಲೆಯೊಂದರ ಫಂಕ್ (ಲಯವೇ ಮುಖ್ಯವಾದ ಅಮೆರಿಕದ ಸಂಗೀತ ಶೈಲಿ) ರಿದಮ್ ಗಿಟಾರ್ ತರಗತಿಗೆ ಸೇರಿದೆ. ಆರು ಭಾನುವಾರ, ದಿನಕ್ಕೆ ಎರಡು ಗಂಟೆ, ಶುಲ್ಕ 5,400 ರೂಪಾಯಿ, ಬ್ಯಾಚಿನಲ್ಲಿ ಆರೇ ಜನ. ಮೊದಲ ಮೂರು ವಾರ ಅಮೆರಿಕದ ಗಿಟಾರ್ ವಾದಕ ಜಿಮ್ಮಿ ನೋಲೆನ್ ಅವರ ಶೈಲಿ, ಉಳಿದ ಮೂರು ವಾರ ಅಲ್ಲಿಯವರೇ ಆದ ನೈಲ್ ರಾಡ್ಜರ್ಸ್ ಅವರದು. ಶಾಲೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ; ಮೇಷ್ಟ್ರೊಬ್ಬರೇ ಬಾಡಿಗೆ ಕಟ್ಟಿ ನಡೆಸುತ್ತಿರುವ ಸಣ್ಣ ಜಾಗ ಅದು, ಮತ್ತು ನನ್ನ ತಕರಾರು ಅವರ ಶ್ರದ್ಧೆಯ ಮೇಲಲ್ಲ, ಕರಪತ್ರದ ಆ ಸಾಲಿನ ಮೇಲೆ. ಮೊದಲ ಮೂರು ವಾರಕ್ಕೆ ಕೊಟ್ಟ ಹಣ ಪೂರ್ತಿ ವಸೂಲಾಯಿತು. ಕೊನೆಯ ಮೂರು ವಾರದ ಬಗ್ಗೆ ಹಾಗೆ ಹೇಳಲಾರೆ, ಮತ್ತು ಅದಕ್ಕೆ ಕಾರಣ ಆ ಸಾಲನ್ನು ಮೇಷ್ಟ್ರೂ ನಂಬಿದ್ದದ್ದು.

ನೋಲೆನ್ ಅವರ ಹೆಸರು ನಮ್ಮ ಊರಿನ ಗಿಟಾರ್ ಕಲಿಯುವವರಲ್ಲೂ ಅನೇಕರಿಗೆ ಗೊತ್ತಿರುವುದಿಲ್ಲ, ಆದರೆ ಅವರ ಸದ್ದು ಎಲ್ಲರಿಗೂ ಗೊತ್ತು. 1934ರಲ್ಲಿ ಒಕ್ಲಹೋಮ ಸಿಟಿಯಲ್ಲಿ ಹುಟ್ಟಿ, ಟಿ-ಬೋನ್ ವಾಕರ್ ಅವರ ಬ್ಲೂಸ್ ಕೇಳಿ ಬೆಳೆದು, ಜಾನಿ ಓಟಿಸ್ ಅವರ ತಂಡದಲ್ಲಿ ನುಡಿಸಿ ಪಳಗಿದ ಅವರು 1965ರಲ್ಲಿ ಫಂಕ್ ಗಾಯಕ ಜೇಮ್ಸ್ ಬ್ರೌನ್ ಅವರ ತಂಡಕ್ಕೆ ಬಂದರು. ಅದೇ ವರ್ಷ ಧ್ವನಿಮುದ್ರಣವಾದ ‘ಪಾಪಾಸ್ ಗಾಟ್ ಎ ಬ್ರ್ಯಾಂಡ್ ನ್ಯೂ ಬ್ಯಾಗ್’ ಹಾಡಿನಲ್ಲಿ ತಂಡವೆಲ್ಲ ಗಕ್ಕನೆ ನಿಂತಾಗ ಗಿಟಾರ್ ಒಂದೇ ಎದ್ದು ಕೇಳುತ್ತದಲ್ಲ, ಅಲ್ಲಿಂದಲೇ ಮೇಷ್ಟ್ರು ಪಾಠ ಆರಂಭಿಸಿದರು. ಆ ಧ್ವನಿಮುದ್ರಿಕೆಯನ್ನು ಬಿಡುಗಡೆಗೆ ಮುನ್ನ ವೇಗ ಹೆಚ್ಚಿಸಿ ಸಿದ್ಧಪಡಿಸಿದ್ದರಿಂದ ಶ್ರುತಿಯೂ ಏರಿದೆ ಎಂಬುದನ್ನು ಮೊದಲೇ ಹೇಳಿ, ಜೊತೆಯಲ್ಲಿ ನುಡಿಸಲು ಹೋಗಿ ಶ್ರುತಿ ಕೂಡದೆ ತಿಣುಕುವ ಕಷ್ಟವನ್ನು ಅವರು ತಪ್ಪಿಸಿದರು. ಇಂಥ ಸಣ್ಣ ಸಂಗತಿಗಳಲ್ಲಿ ಅವರು ನಿಜಕ್ಕೂ ಒಳ್ಳೆಯ ಗುರು.

ಮೊದಲ ದಿನ ಒಂದು ಗಂಟೆಯ ಕಾಲ ನಾವು ಒಂದೂ ಸ್ವರ ನುಡಿಸಲಿಲ್ಲ. ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ತಂತಿಗಳ ಕೆಳಗೆ ತೂರಿಸಿ, ಬಲಗೈಯನ್ನು ಮಾತ್ರ ಮೇಲೆ ಕೆಳಗೆ ಆಡಿಸಬೇಕಿತ್ತು. ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಆರು ಗಿಟಾರುಗಳ ಚಟಪಟ. ಎರಡನೆಯ ಗಂಟೆಯಲ್ಲಿ ಕರವಸ್ತ್ರ ತೆಗೆಸಿ, ಆರು ಮತ್ತು ಏಳನೆಯ ಫ್ರೆಟ್‌ಗಳ ಮೇಲೆ ಇ ನೈನ್ತ್ ಎಂಬ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಹಿಡಿಸಿದರು. ಎಡಗೈ ಬೆರಳುಗಳು ತಂತಿಯ ಮೇಲೆ ಸದಾ ತಾಗಿಯೇ ಇರಬೇಕು, ಆದರೆ ಒತ್ತುವುದು ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ. ಒತ್ತಿದಾಗ ಕಾರ್ಡ್ ಒಮ್ಮೆ ಮಿಂಚಿ ಮಾಯವಾಗಬೇಕು, ಒತ್ತದಿದ್ದಾಗ ಬರೀ ಕೆರೆತದ ಸದ್ದು ಉಳಿಯಬೇಕು. ಬಲಗೈ ಗಿಟಾರಿನ ಒಡಲ ಮೇಲೆ ತಂತಿಗಳು ಕೂರುವ ಬ್ರಿಡ್ಜ್‌ಗೆ ಹತ್ತಿರದಲ್ಲಿ ಆಡುವುದರಿಂದ ಆ ಕೆರೆತ ಇನ್ನಷ್ಟು ಗಡುಸಾಗುತ್ತದೆ. ತಿಪ್ಪೆ ಕೆದಕುವ ಕೋಳಿಯ ಸದ್ದಿಗೆ ಹೋಲಿಸಿ ಇದಕ್ಕೆ ಚಿಕನ್ ಸ್ಕ್ರ್ಯಾಚ್ ಎಂಬ ಹೆಸರು ಬಂದಿದೆ. ‘ಕೈ ನಿಲ್ಲಿಸಬೇಡಿ, ಸದ್ದು ನಿಲ್ಲಿಸಿ’ ಎಂದು ಮೇಷ್ಟ್ರು ಆ ದಿನ ಕಡಿಮೆಯೆಂದರೂ ಇಪ್ಪತ್ತು ಸಲ ಹೇಳಿರಬೇಕು.

ಹುಡುಗನಾಗಿದ್ದಾಗ ನಾಲ್ಕು ವರ್ಷ ಮೃದಂಗ ಕಲಿತು ಬಿಟ್ಟವನಾದ ನನಗೆ ಇದು ಪರಿಚಿತ ಲೆಕ್ಕದಂತೆಯೇ ಕಂಡಿತು. ನಾಲ್ಕು ಬೀಟುಗಳ ಒಂದು ಬಾರ್ (ಆವರ್ತ) ಎಂದರೆ ಚತುರಶ್ರ ನಡೆಯ ನಾಲ್ಕು ಅಕ್ಷರ, ಒಟ್ಟು ಹದಿನಾರು ಮಾತ್ರೆ. ಆ ಹದಿನಾರರಲ್ಲಿ ಯಾವ ಯಾವುದರ ಮೇಲೆ ಕಾರ್ಡ್ ಕೇಳಿಸಬೇಕೆಂದು ಒಮ್ಮೆ ನಿಶ್ಚಯವಾದ ಮೇಲೆ ಹಾಡು ಮುಗಿಯುವ ತನಕ ಅದೇ ಜಾಗ, ಅದೇ ತೂಕ. ಮೇಷ್ಟ್ರು ‘ವನ್ ಇ ಆಂಡ್ ಅ’ ಎಂದು ಎಣಿಸುತ್ತಿದ್ದರೆ ನಾನು ಮನಸ್ಸಿನಲ್ಲಿ ತಕಧಿಮಿ ಹೇಳಿಕೊಂಡು ಹೊಂದಿಸಿಕೊಂಡೆ. ಪಕ್ಕದಲ್ಲಿದ್ದ ಇಂಜಿನಿಯರಿಂಗ್ ಹುಡುಗನಿಗೆ ಅದನ್ನು ಹೇಳಿಕೊಟ್ಟಾಗ ಅವನ ಕೈಯೂ ಕೂಡಲೇ ಕೂಡಿತು. ಇದನ್ನು ಕೇಳಿಸಿಕೊಂಡ ಮೇಷ್ಟ್ರು ಮುಂದಿನ ವಾರದಿಂದ ಇಡೀ ತರಗತಿಗೆ ತಕಧಿಮಿಯನ್ನೇ ಹೇಳಿಸತೊಡಗಿದರು. ವಿದ್ಯಾರ್ಥಿಯಿಂದ ಒಂದು ಮಾತು ತೆಗೆದುಕೊಳ್ಳಲು ಅವರಿಗೆ ಸಂಕೋಚವಿರಲಿಲ್ಲ.

ಎರಡನೆಯ ಭಾನುವಾರ ಕರೆಂಟ್ ಹೋಯಿತು. ಯುಪಿಎಸ್ ಇದ್ದದ್ದು ಒಂದು ದೀಪಕ್ಕೂ ಒಂದು ಫ್ಯಾನಿಗೂ ಮಾತ್ರ, ಗಿಟಾರಿನ ಸದ್ದು ಹೆಚ್ಚಿಸುವ ಆಂಪ್‌ಗಳೆಲ್ಲ ಮೂಕವಾದವು. ಪಾಠ ಮುಗಿಯಿತೆಂದು ನಾವು ಗಿಟಾರನ್ನು ಚೀಲಕ್ಕೆ ಹಾಕಲು ಹೊರಟರೆ, ಮೇಷ್ಟ್ರು ತಮ್ಮ ಹಳೆಯ ಹಾಲೋಬಾಡಿ ಗಿಟಾರನ್ನು ಗೋಡೆಯಿಂದ ಇಳಿಸಿ ಹಾಗೆಯೇ ನುಡಿಸಿ ತೋರಿಸಿದರು. ಒಳಗೆ ಟೊಳ್ಳಾಗಿರುವ ಅಂಥ ಗಿಬ್ಸನ್ ಗಿಟಾರುಗಳನ್ನೇ ನೋಲೆನ್ ಆ ಕಾಲದಲ್ಲಿ ನುಡಿಸುತ್ತಿದ್ದದ್ದು. ಆಂಪ್ ಇಲ್ಲದೆ ಕೇಳಿದಾಗ, ಸ್ವರಕ್ಕೂ ಕೆರೆತಕ್ಕೂ ನಡುವೆ ಎಡಗೈಯ ಒತ್ತಡದಲ್ಲಿ ಆಗುವ ವ್ಯತ್ಯಾಸ ಎಷ್ಟು ಸೂಕ್ಷ್ಮ ಎಂಬುದು ನನಗೆ ಮೊದಲ ಸಲ ಕಿವಿಗೆ ಬಿತ್ತು. ಆರು ವಾರದ ಅತ್ಯುತ್ತಮ ಅರ್ಧ ಗಂಟೆಗಾಗಿ ನಾನು ವಿದ್ಯುತ್ ಇಲಾಖೆಗೆ ಋಣಿಯಾಗಿರಬೇಕು.

ನಾಲ್ಕನೆಯ ವಾರ ರಾಡ್ಜರ್ಸ್ ಬಂದರು. ಕರವಸ್ತ್ರ ಮತ್ತೆ ಹೊರಬಂತು, ಬಲಗೈ ಮತ್ತೆ ಹದಿನಾರು ಮಾತ್ರೆ ಎಣಿಸಿತು, ಮತ್ತು ನನ್ನ ಅನುಮಾನ ಅಲ್ಲಿಂದಲೇ ಶುರುವಾಯಿತು. ರಾಡ್ಜರ್ಸ್ ಅವರ ಬಲಗೈ ನಿಲ್ಲದೆ ಆಡುತ್ತದೆ ಎನ್ನುವುದು ನಿಜ. ಚಕ್ಕಿಂಗ್ ಎಂದು ಕರೆಯುವ ಆ ಕೈಚಳಕವನ್ನು ತಾನು ಕಲಿತದ್ದು ಶೀಕ್ ಎಂಬ ತಮ್ಮ ಡಿಸ್ಕೊ ತಂಡದ ಜೊತೆಗಾರ, ಬೇಸ್ ವಾದಕ ಬರ್ನಾರ್ಡ್ ಎಡ್ವರ್ಡ್ಸ್ ಅವರಿಂದ ಎಂದು ಅವರೇ ಹೇಳಿಕೊಂಡಿದ್ದಾರೆ. ಆದರೆ ಆ ಕೈ ಬರುವುದಕ್ಕೆ ಮುಂಚೆಯೇ ಅವರು ಜ್ಯಾಝ್ ಕಲಿತಿದ್ದವರು. ಅವರ ಎಡಗೈ ಒಂದು ಕಾರ್ಡನ್ನು ಹಿಡಿದು ಕೂರುವುದಿಲ್ಲ. ಅದೇ ಕಾರ್ಡನ್ನು ಮೇಲಿನ, ಅಂದರೆ ಏರು ಶ್ರುತಿಯ ತೆಳುವಾದ, ಮೂರು ನಾಲ್ಕು ತಂತಿಗಳಲ್ಲಿ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ, ಸ್ವರಗಳ ಕ್ರಮವನ್ನು ತಿರುವುಮುರುವು ಮಾಡುತ್ತ ಸಾಗಿಸುತ್ತದೆ, ಹಾಗಾಗಿ ಪ್ರತಿ ತಿರುವಿನಲ್ಲೂ ತುದಿಯ ಸ್ವರ ಬದಲಾಗಿ ಹಾಡಿನ ಕೆಳಗೆ ಇನ್ನೊಂದು ಸಣ್ಣ ರಾಗ ಹರಿಯುತ್ತಿರುವಂತೆ ಕೇಳುತ್ತದೆ. ಶೀಕ್ ತಂಡದ 1979ರ ‘ಗುಡ್ ಟೈಮ್ಸ್’ ಹಾಡಿನ ಬೇಸ್ ಎಲ್ಲರ ಬಾಯಲ್ಲೂ ಇದೆ. ಗಿಟಾರನ್ನು ಮಾತ್ರ ಬೇರ್ಪಡಿಸಿ ಕೇಳಿದರೆ ಇ ಮೈನರ್ ಮತ್ತು ಎ ಎಂಬ ಎರಡೇ ಕಾರ್ಡುಗಳ ಸುತ್ತ ಅವರು ಎಷ್ಟು ಓಡಾಡುತ್ತಾರೆಂದು ತಿಳಿಯುತ್ತದೆ.

ತರಗತಿಯಲ್ಲಿ ಇದರ ಮಾತೇ ಬರಲಿಲ್ಲ. ರಾಡ್ಜರ್ಸ್ ಗಿಟಾರ್ ನುಡಿಸಿದ 2013ರ ‘ಗೆಟ್ ಲಕ್ಕಿ’ ಹಾಡನ್ನು ತೆಗೆದುಕೊಂಡು, ಬಿ ಮೈನರ್, ಡಿ, ಎಫ್ ಶಾರ್ಪ್ ಮೈನರ್, ಇ ಎಂಬ ನಾಲ್ಕು ಕಾರ್ಡುಗಳನ್ನು ಹಾಳೆಯ ಮೇಲೆ ಬರೆದು, ನಾವು ದಿನವೂ ಹಿಡಿಯುವ, ಒಂದು ಬೆರಳನ್ನು ತಂತಿಗಳಿಗೆ ಅಡ್ಡಲಾಗಿ ಒತ್ತುವ ಆರು ತಂತಿಯ ಬಾರ್ ಕಾರ್ಡುಗಳಲ್ಲೇ ನೋಲೆನ್ ಅವರ ಕೆರೆತವನ್ನು ಹಚ್ಚಿ ನುಡಿಸಿದ್ದಾಯಿತು. ಸದ್ದು ದಪ್ಪವಾಯಿತು, ಬೇಸ್‌ನ ಜಾಗವನ್ನೆಲ್ಲ ಗಿಟಾರೇ ತುಂಬಿಬಿಟ್ಟಿತು. ಕಾಫಿ ಪುಡಿ ಒಳ್ಳೆಯದಿದ್ದೂ ಡಿಕಾಕ್ಷನ್ ಇಳಿಯುವ ಮೊದಲೇ ಹಾಲು ಸುರಿದ ಹಾಗಿತ್ತು. ಗಾಯಕ ಡೇವಿಡ್ ಬೋಯಿ ಅವರು 1983ರ ‘ಲೆಟ್ಸ್ ಡಾನ್ಸ್’ ಹಾಡನ್ನು ಮೊದಲು ಜನಪದ ಗೀತೆಯಂತೆ ತೆರೆದ ಕಾರ್ಡುಗಳಲ್ಲಿ ಬಾರಿಸಿ ತೋರಿಸಿದಾಗ, ನಿರ್ಮಾಪಕರಾಗಿದ್ದ ರಾಡ್ಜರ್ಸ್ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಆ ಕಾರ್ಡುಗಳನ್ನು ಗಿಟಾರಿನ ಕುತ್ತಿಗೆಯಲ್ಲಿ ಒಡಲಿನ ಕಡೆಗೆ, ಏರು ಶ್ರುತಿಯ ಜಾಗಕ್ಕೆ ಸರಿಸಿ ಹೊಸದಾಗಿ ಜೋಡಿಸಿದ್ದು. ಈ ಒಂದು ಪ್ರಸಂಗವನ್ನು ಹೇಳಿ ಹತ್ತು ನಿಮಿಷ ಅಭ್ಯಾಸ ಮಾಡಿಸಿದ್ದರೆ ಸಾಕಿತ್ತು. ಬದಲಿಗೆ ಐದನೆಯ ವಾರದ ಮುಕ್ಕಾಲು ಗಂಟೆ ರಾಡ್ಜರ್ಸ್ ಅವರ ‘ಹಿಟ್‌ಮೇಕರ್’ ಸ್ಟ್ರಾಟೋಕಾಸ್ಟರ್ ಗಿಟಾರಿನ ಬಣ್ಣನೆಯಲ್ಲಿ ಕಳೆಯಿತು: 1960ರ ಒಡಲು, 1959ರ ಕುತ್ತಿಗೆ, ಕನ್ನಡಿಯಂತೆ ಹೊಳೆಯುವ ಪಿಕ್‌ಗಾರ್ಡ್. ಕೇಳಲು ಸೊಗಸು, ಕಲಿಯಲು ಏನೂ ಇಲ್ಲ.

ಅನುಮಾನವನ್ನು ಪರೀಕ್ಷಿಸಲು ಮಲ್ಲೇಶ್ವರದ ಮನೆಯಲ್ಲಿ ಲಯ ಬಡಿಯುವ ಮೆಟ್ರೊನೋಮನ್ನು ನಿಮಿಷಕ್ಕೆ 100ಕ್ಕೆ ಇಟ್ಟು, ಒಂದೇ ಕಾರ್ಡಿನ ಮೇಲೆ ನಾಲ್ಕು ನಿಮಿಷ ನೋಲೆನ್ ಅವರಂತೆ, ನಾಲ್ಕು ನಿಮಿಷ ರಾಡ್ಜರ್ಸ್ ಅವರಂತೆ ನುಡಿಸಿ ಫೋನಿನಲ್ಲಿ ಮುದ್ರಿಸಿಕೊಂಡೆ. ಮೊದಲನೆಯದರಲ್ಲಿ ಮುಂಗೈಗೆ ಏನೂ ಆಗಲಿಲ್ಲ, ದಣಿದದ್ದು ತಲೆ. ಮೂರನೆಯ ನಿಮಿಷದ ಹೊತ್ತಿಗೆ ಇನ್ನೊಂದು ಸ್ವರ ಸೇರಿಸೋಣವೇ ಎಂಬ ಚಪಲ ಹುಟ್ಟುತ್ತದೆ, ಅದನ್ನು ತಡೆದುಕೊಳ್ಳುವುದೇ ಆ ಶೈಲಿಯ ಮುಖ್ಯ ಕಷ್ಟ. ನೋಲೆನ್ ನುಡಿಸಿದ್ದು ಡ್ರಮ್ಸ್, ಹಾರ್ನ್, ಬೇಸ್ ಪ್ರತಿಯೊಂದಕ್ಕೂ ಗೆರೆ ಎಳೆದು ಜಾಗ ಕೊಟ್ಟಿದ್ದ ತಂಡದಲ್ಲಿ. 1967ರ ‘ಕೋಲ್ಡ್ ಸ್ವೆಟ್’ ಕೇಳಿದರೆ ಗಿಟಾರ್ ಎಷ್ಟು ಕಡಿಮೆ ಜಾಗದಲ್ಲಿ ಕುಳಿತಿದೆ ಎಂದು ಬೆರಗಾಗುತ್ತದೆ. ಎರಡನೆಯದರಲ್ಲಿ ಮುಂಗೈ ಬೆಂಕಿಯಾಯಿತು, ತಲೆ ಮಾತ್ರ ಮುಂದಿನ ತಿರುವು ಯಾವುದೆಂದು ಹುಡುಕುತ್ತ ಖುಷಿಯಾಗಿತ್ತು. ಅಡುಗೆಮನೆಯಲ್ಲಿದ್ದ ಅಮ್ಮ ಮೊದಲನೆಯದಕ್ಕೆ ‘ಏನೋ, ಕಾಯಿ ತುರೀತಾ ಇದ್ದೀಯಾ?’ ಎಂದು ಕೇಳಿದರು, ಎರಡನೆಯದಕ್ಕೆ ‘ಇದು ಯಾವ ಹಾಡು?’ ಎಂದರು. ಇದಕ್ಕಿಂತ ಚೊಕ್ಕವಾಗಿ ಇಬ್ಬರ ವ್ಯತ್ಯಾಸವನ್ನು ನಾನು ಹೇಳಲಾರೆ: ಒಬ್ಬರು ಗಿಟಾರನ್ನು ತಾಳವಾದ್ಯ ಮಾಡಿದರು, ಇನ್ನೊಬ್ಬರು ತಾಳದ ಕೈಯಲ್ಲೇ ಹಾಡಿನ ಒಡಲು ಕಟ್ಟಿದರು.

ಸೇರಬೇಕೆನ್ನುವವರಿಗೆ ಉಪಯೋಗದ ಕೆಲವು ವಿವರಗಳು. ಸಂಪಿಗೆ ರಸ್ತೆಯಿಂದ ಮೆಜೆಸ್ಟಿಕ್‌ಗೆ ಹೋಗಿ ನೇರಳೆ ಮಾರ್ಗ ಹಿಡಿದರೆ ಇಂದಿರಾನಗರ ನಿಲ್ದಾಣ. ಅಲ್ಲಿಂದ ಗಿಟಾರ್ ಹೆಗಲಿಗೇರಿಸಿ ಹತ್ತು ನಿಮಿಷದ ನಡಿಗೆ. ಕಾರು ತಂದರೆ ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಪಾಠ ಅರ್ಧವಾಗಿರುತ್ತದೆ. ಆಂಪ್‌ಗಳು ನಾಲ್ಕೇ, ತಡವಾಗಿ ಬಂದ ಇಬ್ಬರು ಬೇರೆಯವರ ಜೊತೆ ಹಂಚಿಕೊಳ್ಳಬೇಕು. ಪ್ಲೈವುಡ್ ಗೋಡೆಯ ಆಚೆ ಮಕ್ಕಳ ಡ್ರಮ್ಸ್ ತರಗತಿ ನಡೆಯುತ್ತಿರುತ್ತದೆ, ಅದು ನಮ್ಮ ಲಯಕ್ಕೆ ಎಂದೂ ಹೊಂದುವುದಿಲ್ಲ. ಬಾರ್ ಕಾರ್ಡ್ ಹಿಡಿಯಲು ಬಾರದವರು ಈಗಲೇ ಸೇರುವುದು ಬೇಡ. ಬಂದವರು ನೋಲೆನ್ ಪಾಠವನ್ನು ತಪ್ಪಿಸದೆ ಕೇಳಿ, ರಾಡ್ಜರ್ಸ್ ಪಾಠದಲ್ಲಿ ಕಾರ್ಡುಗಳನ್ನು ಮೇಲಿನ ಮೂರು ತಂತಿಯಲ್ಲಿ ಹಿಡಿಯುವುದನ್ನು ಹೇಳಿಕೊಡಿ ಎಂದು ತಾವಾಗಿಯೇ ಕೇಳಬೇಕು. ಕೇಳಿದರೆ ಮೇಷ್ಟ್ರು ಇಲ್ಲವೆನ್ನುವವರಲ್ಲ.

ಅಂದ ಹಾಗೆ, ಕೊಡುವ ನೋಟ್ಸ್‌ನ ಮೂರನೆಯ ಪುಟದಲ್ಲಿ ಜೇಮ್ಸ್ ಬ್ರೌನ್ ಅವರ 1970ರ ‘ಸೆಕ್ಸ್ ಮೆಷಿನ್’ ಹಾಡಿನ ಗಿಟಾರನ್ನು ನೋಲೆನ್ ಹೆಸರಿಗೆ ಹಾಕಿದ್ದಾರೆ. ಆ ವರ್ಷದ ಮಾರ್ಚ್‌ನಲ್ಲಿ ನೋಲೆನ್ ಸೇರಿದಂತೆ ಹಳೆಯ ತಂಡದವರು ಬ್ರೌನ್ ಅವರನ್ನು ಬಿಟ್ಟು ಹೊರನಡೆದಿದ್ದರು. ಆ ಹಾಡಿನಲ್ಲಿ ಕೇಳುವುದು ಬೇಸ್ ವಾದಕ ಬೂಟ್ಸಿ ಕಾಲಿನ್ಸ್ ಅವರ ಅಣ್ಣ ಕ್ಯಾಟ್‌ಫಿಶ್ ಕಾಲಿನ್ಸ್ ಅವರ ಕೈ. ನೋಲೆನ್ ಮರಳಿದ್ದು 1972ರಲ್ಲಿ, ಅಲ್ಲಿಂದ 1983ರಲ್ಲಿ ತೀರಿಕೊಳ್ಳುವ ತನಕ ಅದೇ ತಂಡದಲ್ಲಿದ್ದರು. ಕೊನೆಯ ದಿನ ಇದನ್ನು ಮೇಷ್ಟ್ರ ಗಮನಕ್ಕೆ ತಂದಾಗ ಅವರು ಒಂದು ಕ್ಷಣ ಯೋಚಿಸಿ, ಜೇಬಿನಿಂದ ಪೆನ್ನು ತೆಗೆದು ನನ್ನ ಪ್ರತಿಯಲ್ಲಿ ಆ ಹೆಸರನ್ನು ಹೊಡೆದುಹಾಕಿ ಮೇಲೆ ಸರಿಯಾದದ್ದನ್ನು ಬರೆದುಕೊಟ್ಟರು. ಉಳಿದ ಐವರು ಅಷ್ಟರಲ್ಲಿ ಮೆಟ್ಟಿಲಿಳಿದು ಹೋಗಿದ್ದರು.