ಕರೆಂಟಿನ ನೂಡಲ್ಸ್ ಮೆಷಿನ್ ಅಟ್ಟ ಸೇರಿತು, ಹಿಡಿಕೆ ತಿರುಗಿಸೋದು ಉಳಿಯಿತು

ಮನೆಯಲ್ಲಿ ನೂಡಲ್ಸ್, ಡಂಪ್ಲಿಂಗ್ (ಹೂರಣ ತುಂಬಿದ ಕಡುಬಿನಂಥದ್ದು) ಮಾಡೋಕೆ ಲಟ್ಟಣಿಗೆ, ಕರೆಂಟಿನ ಮೆಷಿನ್, ಕೈ ಮೆಷಿನ್ ಮೂರರಲ್ಲಿ ಯಾವುದು ವಾಸಿ? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಿಡಿಕೆ ತಿರುಗಿಸುವ ಕೈ ಮೆಷಿನ್‌ಗೆ. ಲಟ್ಟಣಿಗೆ ಮನೆಯಲ್ಲಿ ಮೊದಲಿಂದಲೂ ಇತ್ತು. ಆಮೇಲೆ ಆಸೆಪಟ್ಟು ಕರೆಂಟಿನ ಮೆಷಿನ್ ತಂದೆವು. ಕೈ ಮೆಷಿನ್ ಬಂದದ್ದು ಕೊನೆಗೆ, ಅದೂ ಯಾರೋ ಬಳಸಿ ಬಿಟ್ಟದ್ದು.

ಕರೆಂಟಿನದು ಕೆಲಸ ಮಾಡಲ್ಲ ಅಂತಲ್ಲ. ಹಿಟ್ಟು, ನೀರು ಹಾಕಿ ಗುಂಡಿ ಒತ್ತಿದರೆ ಅದೇ ಕಲಸಿ, ಅಚ್ಚಿನಿಂದ ನೂಡಲ್ಸ್ ಇಳಿಸುತ್ತದೆ. ಮೊದಲ ದಿನ ಎಲ್ಲರೂ ಸುತ್ತ ನಿಂತು ನೋಡಿದ್ದೇ ನೋಡಿದ್ದು. ರಗಳೆ ಶುರುವಾಗಿದ್ದು ಊಟ ಆದ ಮೇಲೆ. ಅಚ್ಚಿನ ಒಂದೊಂದು ತೂತಿನಲ್ಲೂ ಹಿಟ್ಟು ಸಿಕ್ಕಿಕೊಂಡಿತ್ತು. ನೀರು ಬಿಟ್ಟೆ, ಗೋಂದಿನ ಹಾಗೆ ಅಂಟಿತು. ಹಲ್ಲುಕಡ್ಡಿ ಹಿಡಿದು ಒಂದೊಂದೇ ತೂತು ಚುಚ್ಚುತ್ತಾ ಕೂತೆ. ಕಡ್ಡಿ ಮುರಿದು ಒಳಗೇ ಉಳಿಯಿತು! ಅಚ್ಚನ್ನು ಫ್ರೀಜರ್‌ನಲ್ಲಿಟ್ಟು ತೆಗೆದರೆ ಹಿಟ್ಟು ಗಟ್ಟಿಯಾಗಿ ಸಲೀಸಾಗಿ ಬಿಡುತ್ತದೆ ಅಂತ ಗೊತ್ತಾಗೋ ಹೊತ್ತಿಗೆ ನನ್ನ ತಾಳ್ಮೆ ಮುಗಿದಿತ್ತು.

ನೀರಿನ ಅಳತೆಯದ್ದು ಇನ್ನೊಂದು ಕಾಟ. 100 ಗ್ರಾಂ ಮೈದಾಕ್ಕೆ 35ರಿಂದ 40 ಗ್ರಾಂ ನೀರು, ಅಷ್ಟೇ. ಕಲಸಿದ್ದು ಉಂಡೆಯಾಗಬಾರದು, ಪುಡಿಪುಡಿಯಾಗಿರಬೇಕು. ಸ್ವಲ್ಪ ಜಾಸ್ತಿಯಾದರೆ ಹೊರಬರುವ ಎಳೆಗಳೆಲ್ಲ ಅಂಟಿಕೊಂಡು ಜಡೆಯಾಗುತ್ತವೆ. ಇಷ್ಟೆಲ್ಲಾ ಆಗಿ, ಮಕ್ಕಳಿಗೆ ಮಾಡೋಕೆ ಕೆಲಸವೇ ಇಲ್ಲ. ಎರಡನೇ ವಾರಕ್ಕೆ ಅವರು ಅಡುಗೆಮನೆ ಕಡೆ ತಲೆ ಹಾಕಲಿಲ್ಲ.

ಲಟ್ಟಣಿಗೆಗೆ ಖರ್ಚಿಲ್ಲ, ತೊಳೆಯೋದೂ ಸುಲಭ. ಡಂಪ್ಲಿಂಗ್‌ಗಂತೂ ಇದರ ಮುಂದೆ ಯಾವ ಮೆಷಿನ್ನೂ ಇಲ್ಲ. ಬಿಲ್ಲೆಯ ನಡು ದಪ್ಪ, ಅಂಚು ತೆಳ್ಳಗೆ ಬರೋದು ಕೈಯಲ್ಲಿ ಮಾತ್ರ. ಹೂರಣದ ಭಾರಕ್ಕೆ ತಳ ಒಡೆಯಲ್ಲ, ನಿರಿಗೆ ಹಿಡಿದ ಕಡೆ ಹಿಟ್ಟು ಹಸಿಯಾಗಿ ಉಳಿಯಲ್ಲ. ಆದರೆ ನಾಲ್ಕು ಜನಕ್ಕೆ ನೂಡಲ್ಸ್ ಅಂದರೆ 400 ಗ್ರಾಂ ಹಿಟ್ಟು. ಅಷ್ಟನ್ನು ತೆಳ್ಳಗೆ ಲಟ್ಟಿಸೋ ಹೊತ್ತಿಗೆ ಭುಜ ಬಿದ್ದುಹೋಗುತ್ತದೆ. ಕಣಕವನ್ನು ಅರ್ಧ ಗಂಟೆ ಮುಚ್ಚಿಡದಿದ್ದರೆ ರಬ್ಬರಿನ ಹಾಗೆ ವಾಪಸ್ ಎಳೆದುಕೊಳ್ಳುತ್ತದೆ.

ಕೈ ಮೆಷಿನ್‌ನಲ್ಲಿ ಗಟ್ಟಿ ಕಣಕವನ್ನು ಮಡಚಿ ಮಡಚಿ ನಾಲ್ಕೈದು ಸಲ ಎರಡು ರೋಲರ್‌ಗಳ ನಡುವೆ, ದಪ್ಪದ ಅಂತರದಲ್ಲೇ ಓಡಿಸುತ್ತೇವೆ. ನಾದುವ ಕೆಲಸದ ಬಹುಪಾಲು ಅಲ್ಲೇ ಆಗಿಹೋಗುತ್ತದೆ. ಆಮೇಲೆ ಒಂದೊಂದೇ ಅಂತರ ಕಡಿಮೆ ಮಾಡುತ್ತಾ ಹೋಗೋದು. ಮಗಳು ಹಿಡಿಕೆ ತಿರುಗಿಸುತ್ತಾಳೆ, ಮಗ ಆ ಕಡೆ ಉದ್ದವಾಗಿ ಬರೋ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿಯುತ್ತಾನೆ. ಸರದಿಗೆ ಜಗಳ ಇದ್ದೇ ಇರುತ್ತದೆ. ಹಾಳೆ ಕತ್ತರಿಸಿದ ಮೇಲೆ ಎಳೆ ಅಂಟದ ಹಾಗೆ ಕಾರ್ನ್‌ಫ್ಲೋರ್ ಉದುರಿಸೋದು ನಮ್ಮ ಅತ್ತೆಯವರ ಪಾಲು.

ಕೊರತೆ ಇಲ್ಲ ಅಂತಲ್ಲ. ಇದಕ್ಕೆ ನೀರು ತಾಕಿಸೋ ಹಾಗಿಲ್ಲ, ತುಕ್ಕು ಹಿಡಿಯುತ್ತದೆ. ಒಣ ಬ್ರಷ್‌ನಲ್ಲಿ ಉಜ್ಜಿದರೆ ಸಾಕು. ಮೇಜಿಗೆ ಬಿಗಿಯುವ ತಿರುಪು ನಮ್ಮ ದಪ್ಪ ಮೇಜಿಗೆ ಹಿಡಿಯಲಿಲ್ಲ, ಹಳೆ ಬೆಂಚಿಗೆ ಹಾಕಿಕೊಂಡಿದ್ದೇವೆ. ಬಿಸಿನೀರಲ್ಲಿ ಕಲಸಿದ ಮೆತ್ತನೆ ಕಣಕ ರೋಲರ್‌ಗೆ ಅಂಟುತ್ತದೆ. ಹಬೆಯಲ್ಲಿ ಬೇಯಿಸುವ ಡಂಪ್ಲಿಂಗ್‌ಗೆ ನಾವು ಕಲಸೋದು ಅದೇ ಕಣಕ, ಹಾಗಾಗಿ ಆ ದಿನ ಲಟ್ಟಣಿಗೆಯೇ ಗತಿ. ಕುದಿಸೋದಾದರೆ ಮೆಷಿನ್ ಹಾಳೆಯನ್ನು ಲೋಟದ ಬಾಯಲ್ಲಿ ಬಿಲ್ಲೆ ಕತ್ತರಿಸಿ, ಅಂಚಿಗೆ ಮಾತ್ರ ಲಟ್ಟಣಿಗೆ ತಾಕಿಸುತ್ತೇವೆ. ಹಾಳೆ ಒಣಗಿರುತ್ತದೆ, ಅಂಚಿಗೆ ಒದ್ದೆ ಬೆರಳು ಸವರದಿದ್ದರೆ ಡಂಪ್ಲಿಂಗ್ ಬಾಯಿ ಬಿಟ್ಟುಕೊಳ್ಳುತ್ತದೆ.

ನಾವು ತಿಂಗಳಿಗೆ ಎರಡು ಭಾನುವಾರ ಮಾಡೋರು, ಅದೂ ಎಲ್ಲರೂ ಸೇರಿದಾಗ. ಅದಕ್ಕೆ ಇಷ್ಟು ಸಾಕು. ಒಬ್ಬರೇ ಇದ್ದು, ವಾರಕ್ಕೆ ಮೂರು ದಿನ ಬರೀ ನೂಡಲ್ಸ್ ಬೇಕು ಅನ್ನೋರಿಗೆ ಕರೆಂಟಿನದೇ ಸರಿಹೋಗಬಹುದು. ನಮ್ಮದು ಅಟ್ಟದ ಮೇಲಿದೆ. ಆ ಕಡ್ಡಿಚೂರು ಇನ್ನೂ ಅಚ್ಚಿನಲ್ಲೇ ಇದೆ.