ಹೊರಗೋಡೆಗೆ ಶಹಾಬಾದ್ ಕಲ್ಲೋ, ಗಿಲಾವು-ಬಣ್ಣವೋ?

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಲ್ಲಿ ಈ ಆಯ್ಕೆಯನ್ನು ಮೊದಲ ಖರ್ಚೊಂದರಿಂದಲೇ ನಿರ್ಧರಿಸಲಾಗದು. ಗಿಲಾವು ಅಗ್ಗ, ಅದರ ಮೇಲಿನ ತಿಳಿಬಣ್ಣ ಬಿಸಿಲಿನ ಝಳವನ್ನೂ ತಗ್ಗಿಸುತ್ತದೆ. ಆದರೆ ಎರೆಭೂಮಿ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವುದರಿಂದ, ಅಡಿಪಾಯ ಸರಿಯಿಲ್ಲದಿದ್ದರೆ ಬಿರುಕು ಮೂಡುತ್ತದೆ, ಕೆಲವು ವರ್ಷಗಳಿಗೊಮ್ಮೆ ಬಣ್ಣವನ್ನೂ ಮತ್ತೆ ಬಳಿಸಬೇಕಾಗುತ್ತದೆ. ಶಹಾಬಾದ್ ಕಲ್ಲು, ಅಂದರೆ ನಮ್ಮ ಫರಸಿ, ಬಣ್ಣವನ್ನು ಬೇಡುವುದಿಲ್ಲ, ಜಿಲ್ಲೆಯಲ್ಲೇ ಸಿಗುವುದರಿಂದ ಸಾಗಣೆಯ ಹೊರೆಯೂ ಕಡಿಮೆ. ಆದರೆ ಅದು ಸುಣ್ಣದಕಲ್ಲಾದ್ದರಿಂದ ಆಸಿಡ್ ತಾಗಿದರೆ ಮೈ ಕೆಡುತ್ತದೆ (ಸಿಮೆಂಟ್ ಕಲೆ ತೆಗೆಯಲೆಂದು ಆಸಿಡ್ ಸುರಿಯಲು ಹೊರಟ ಮೇಸ್ತ್ರಿಯನ್ನು ತಡೆಯಿರಿ), ಮತ್ತು ಎತ್ತರದಲ್ಲಿ ಭಾರದ ಚಪ್ಪಡಿಗಳನ್ನು ಲೋಹದ ಕೊಂಡಿಗಳಿಲ್ಲದೆ ಬರೀ ಸಿಮೆಂಟಿನ ಮೇಲೆ ನಂಬಲಾಗದು. ಮಳೆನೀರು ಸಿಡಿಯುವ ಮೂರು ಅಡಿಯವರೆಗೆ ಫರಸಿ, ಅದರ ಮೇಲೆ ತಿಳಿಬಣ್ಣ ಎಂಬುದು ನನ್ನ ಆಯ್ಕೆ. ಯಾವುದನ್ನು ಆರಿಸಿದರೂ, ನೀರು ಗೋಡೆಗೆ ಹರಿಯದಂತೆ ಕಿಟಕಿ ಮೇಲಿನ ಛಜ್ಜಾದ ತಳದ ಅಂಚಿನಲ್ಲಿ ಸಣ್ಣ ಗೀರು ಬಿಡಿಸಿಕೊಳ್ಳಿ.